ಮಿರಜಿನ ತಂಬೂರಿ

ಧಾರವಾಡ ಸೀಮೆಯ ಗಾಯಕರ ಮನೆಗಳಲ್ಲಿ ಮಿರಜಿನ ತಂಬೂರಿಗೆ ದೇವರ ಪಕ್ಕದ ಜಾಗ. ಪಂಢರಪುರದ ಕಡೆ ಬೆಳೆದ ದಪ್ಪ ಸೋರೆಬುರುಡೆಯನ್ನು ತಿಂಗಳುಗಟ್ಟಲೆ ಒಣಗಿಸಿ, ಕೊರೆದು, ಮರದ ದಂಡಿಗೆ ಕೂಡಿಸುತ್ತಾರೆ.

ನನ್ನ ಜೀವ ಮಾತ್ರ ನಾದಕ್ಕೆ ಹದ ಕೊಡುವ ಜವಾರಿಯ ಮೇಲೆ. ತಂತಿಗಳು ಒರಗುವ ಕುದುರೆಯ ಮೈಯನ್ನು ಅರದಿಂದ ತುಸುವೇ ಉಜ್ಜುವುದು, ತಂತಿ ಮೀಟುವುದು, ಕಿವಿಗೊಡುವುದು, ಮತ್ತೆ ಉಜ್ಜುವುದು. ಕೂದಲೆಳೆ ಹೆಚ್ಚಾದರೂ ನಾದ ಕೆಟ್ಟಿತು. ಕಡೆಗೆ ತಂತಿಯಡಿ ನೂಲಿನೆಳೆ ಸರಿಸುತ್ತ ಹೋದಂತೆ, ಒಂದು ಜಾಗದಲ್ಲಿ ನಾಲ್ಕು ತಂತಿ ನಲವತ್ತಾಗಿ ಝೇಂಕರಿಸುತ್ತವೆ! ಆ ಜಾಗ ಹುಡುಕುವ ಕಿವಿ ಯಂತ್ರಕ್ಕೆಲ್ಲಿ?

ನುಡಿಸುವವರಲ್ಲಿ ಒಮ್ಮತವಿಲ್ಲ. ಕೆಲವರಿಗೆ ಝೇಂಕಾರ ತುಂಬಿದ ಬಿಚ್ಚು ಜವಾರಿ ಬೇಕು, ಕೆಲವರಿಗೆ ದುಂಡು ದನಿ. ನನಗೆ ಬಿಚ್ಚೇ ಇಷ್ಟ.

2024ರಲ್ಲಿ ಮಿರಜಿನ ಸಿತಾರ್, ತಂಬೂರಿಗಳಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ದೊರೆಯಿತು. 1937ರಲ್ಲಿ ತೀರಿಕೊಂಡ ಹಿಂದುಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ಮಲಗಿರುವುದೂ ಇದೇ ಊರಿನ ದರ್ಗಾದಲ್ಲಿ.