ಬೆಳ್ಳಿಗಲ್ಲ, ಬರಹಕ್ಕೆ ಬೆಲೆ

ಬ್ರಿಟಿಷ್ ಸೇನೆಯ ಮೆಸ್‌ಗಳ ಬೆಳ್ಳಿಯ ಮಾತು ಬಂದರೆ ಸಾಕು, ನೆಪೋಲಿಯನ್ನನ ಅಣ್ಣ ಜೋಸೆಫ್ ಬೊನಾಪಾರ್ಟನ ಮೂತ್ರಪಾತ್ರೆಯ ಕಥೆ ಬಂದೇ ಬರುತ್ತದೆ. 1813ರಲ್ಲಿ ಸ್ಪೇನಿನ ವಿಟೋರಿಯಾ ಕದನ ಮುಗಿದಾಗ 14ನೇ ಲೈಟ್ ಡ್ರಾಗೂನ್ಸ್ ಪಡೆ ಅವನ ಸಾಮಾನಿನಿಂದ ಅದನ್ನು ಎತ್ತಿಕೊಂಡಿತು. ಅದಕ್ಕೆ ‘ಎಂಪರರ್’ ಎಂದು ಹೆಸರಿಟ್ಟು, ಔತಣದ ರಾತ್ರಿಗಳಲ್ಲಿ ಅದರೊಳಗೆ ಶಾಂಪೇನ್ ಸುರಿದು ಕುಡಿಯುವ ಪದ್ಧತಿ ಆ ಪಡೆಯ ವಾರಸುದಾರರಲ್ಲಿ ಮುಂದುವರಿಯಿತು. ಕಥೆ ಮಜವಾಗಿದೆ. ಪಾತ್ರೆಯ ಕೆಲಸ ಚೆನ್ನಾಗಿದೆಯೇ, ಸಾಧಾರಣವೇ ಎಂದು ಮಾತ್ರ ಆ ಕಥೆ ಹೇಳುವವರು ಹೇಳುವುದಿಲ್ಲ.

ಪರದೇಶದ ನೌಕರಿಯಲ್ಲಿ ಗಳಿಸಿದ ಸೈನಿಕ ಬೆಳ್ಳಿಯನ್ನು ಕೂಡಿಡುವ ಹವ್ಯಾಸದ ಜಾಯಮಾನವೇ ಇದು. ಇದಕ್ಕೊಂದು ಘನತೆ ಅಂಟಿಕೊಂಡಿದೆ. ಸಂಗ್ರಾಹಕರು ತಮ್ಮನ್ನು ಕಲಾರಸಿಕರೆಂದು ಕರೆದುಕೊಳ್ಳುತ್ತಾರೆ, ಹರಾಜಿನ ಕ್ಯಾಟಲಾಗುಗಳು ಅದಕ್ಕೆ ಹೂಂಗುಟ್ಟುತ್ತವೆ. ನನಗೆ ಕಾಣುವುದೇ ಬೇರೆ: ಇವರು ಕೂಡಿಡುವುದು ಬೆಳ್ಳಿಯನ್ನಲ್ಲ, ಬೆಳ್ಳಿಯ ಮೇಲಿನ ಅಕ್ಷರಗಳನ್ನು.

ಭಾರತದ ಕಂಟೋನ್ಮೆಂಟುಗಳಿಂದ ಹೋದ ಕಪ್ಪುಗಳನ್ನೇ ನೋಡಿ. ಪೋಲೊ, ಟೆಂಟ್ ಪೆಗ್ಗಿಂಗ್, ಬಂದೂಕಿನ ಗುರಿ, ಕೊನೆಗೆ ಬಿಲಿಯರ್ಡ್ಸ್, ಎಲ್ಲಕ್ಕೂ ಒಂದೊಂದು ಬೆಳ್ಳಿ ಕಪ್ಪು. ಕಲ್ಕತ್ತೆಯಲ್ಲಿ ಹ್ಯಾಮಿಲ್ಟನ್, ಕುಕ್ ಅಂಡ್ ಕೆಲ್ವಿ, ಮದರಾಸಿನಲ್ಲಿ ಪಿ. ಆರ್ ಅಂಡ್ ಸನ್ಸ್. ನಮ್ಮ ಬೆಂಗಳೂರಿನ ಸೌತ್ ಪೆರೇಡಿನಲ್ಲಿ ಬಾರ್ಟನ್ ಅಂಗಡಿ. ಇವರ ಮಾಲಿನಲ್ಲಿ ಬಹುಪಾಲು ಇಂಗ್ಲೆಂಡಿನ ಮಾದರಿಯನ್ನೇ ಎದುರಿಗಿಟ್ಟುಕೊಂಡು ಮಾಡಿದ್ದು: ಎರಡು ಹಿಡಿ, ಒಂದು ಮುಚ್ಚಳ, ಕೆಳಗೆ ಕರಿಮರದ ಪೀಠ. 1896ರಲ್ಲಿ ಬೆಂಗಳೂರಿಗೆ ಬಂದ 4ನೇ ಹುಸಾರ್ಸ್ ಪಡೆಯಲ್ಲಿ ಚರ್ಚಿಲ್ ಇದ್ದ. ಬಂದ ಕೆಲವೇ ವಾರಗಳಲ್ಲಿ ಆ ಪಡೆಯ ಪೋಲೊ ತಂಡ ಹೈದರಾಬಾದಿಗೆ ಹೋಗಿ ಗೋಲ್ಕೊಂಡ ಕಪ್ ಗೆದ್ದಿತು. ಆ ಪಡೆಯ ಹೆಸರೂ ಆ ಇಸವಿಯೂ ಇರುವ ಮಾಮೂಲಿ ಕಪ್ಪೊಂದು ಸಿಕ್ಕರೆ ಅದರ ಬೆಲೆ ಎಲ್ಲಿಗೆ ಹೋದೀತು, ಯೋಚಿಸಿ. ಅದೇ ಅಂಗಡಿಯ ಅದೇ ಅಚ್ಚಿನ ಇನ್ನೊಂದು ಕಪ್ಪು, ಹೆಸರಿಲ್ಲದ್ದು, ತೂಕದ ಬೆಲೆಗೆ ಕರಗಲು ಹೋಗುತ್ತದೆ.

ಇನ್ನು ಮದರಾಸಿನ ‘ಸ್ವಾಮಿ’ ಬೆಳ್ಳಿ. 1875–76ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಬಂದುಹೋದ ಮೇಲೆ ಇದರ ಕೀರ್ತಿ ಹೇಗೆ ಏರಿತು ಎಂಬುದು ಬಲ್ಲವರಿಗೆ ಗೊತ್ತು. ಕಪ್ಪಿನ ಮೈಯನ್ನು ಕಮಾನುಗಳಾಗಿ ಹಂಚಿ ಒಂದೊಂದರಲ್ಲೂ ಒಬ್ಬ ದೇವರನ್ನು ನಿಲ್ಲಿಸುತ್ತಾರೆ. ಅಕ್ಕಸಾಲಿ ಮೊದಲು ಒಳಗಿನಿಂದ ತಗಡನ್ನು ಉಬ್ಬಿಸುತ್ತಾನೆ. ಆಮೇಲೆ ಹೊಟ್ಟೆಗೆ ಅರಗು ತುಂಬಿ, ಹೊರಗಿನಿಂದ ಮೊಂಡು ಉಳಿಯಲ್ಲಿ ಸುತ್ತಲಿನ ನೆಲವನ್ನು ತಗ್ಗಿಸುತ್ತ ಬಂದು, ಕೈ, ಕಿರೀಟ, ವಾಹನಗಳನ್ನು ಬಿಡಿಸುತ್ತಾನೆ. ಈ ಕೆಲಸದಲ್ಲಿ ಬೆಳ್ಳಿ ಒಂದು ಗುಂಜಿಯೂ ಕಡಿಮೆಯಾಗುವುದಿಲ್ಲ, ಇದ್ದ ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತದೆ ಅಷ್ಟೆ. ಇಷ್ಟೆಲ್ಲ ಮಾಡಿದವನು ನಟ್ಟನಡುವೆ ಗುರಾಣಿಯಾಕಾರದ ಒಂದು ಜಾಗವನ್ನು ಮಾತ್ರ ಮುಟ್ಟದೆ ನುಣ್ಣಗೆ ಬಿಡುತ್ತಾನೆ. ಅದು ಗಿರಾಕಿಯ ಜಾಗ. ಕಪ್ಪು ಅಂಗಡಿಯ ಕಪಾಟಿನಲ್ಲಿ ಕಾದಿರುತ್ತದೆ. ಕೊಂಡಾಗ ಇನ್ನೊಬ್ಬ ಬಂದು ಚೂಪು ಚಾಣದಿಂದ ಬೆಳ್ಳಿಯನ್ನು ಸೀಳಿ ತೆಗೆದು ರೆಜಿಮೆಂಟಿನ ಹೆಸರು, ಪಂದ್ಯದ ಹೆಸರು, ಇಸವಿ ಕೊರೆಯುತ್ತಾನೆ. ಎರಡು ಕೈ, ಎರಡು ಕಸುಬು, ಎರಡು ಕಾಲ. ನಮ್ಮ ಸಂಗ್ರಾಹಕ ಓದುವುದು ಎರಡನೆಯದನ್ನು ಮಾತ್ರ. ಸುತ್ತ ನಿಂತ ದೇವರು ಅವನ ಪಾಲಿಗೆ ಅಂಚಿನ ಬಳ್ಳಿ.

ಅವನ ಪರವಾಗಿಯೂ ಒಂದು ಮಾತಿದೆ, ಹೇಳಿಬಿಡುತ್ತೇನೆ. ಲಂಡನ್ನಿನಲ್ಲಿ ಮಾಡಿದ ಬೆಳ್ಳಿಯ ಮೇಲೆ ಹಾಲ್‌ಮಾರ್ಕ್ ಇರುತ್ತದೆ, ವರ್ಷ ಸೂಚಿಸುವ ಅಕ್ಷರ ಇರುತ್ತದೆ. ಭಾರತದ ಬೆಳ್ಳಿಗೆ ಆಗ ಅಂಥ ಕಡ್ಡಾಯವಿರಲಿಲ್ಲ. ಅಂಗಡಿಯ ಮುದ್ರೆ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಕೊರೆದ ಇಸವಿಯೇ ಕೈಗೆ ಸಿಗುವ ಆಧಾರ. ಒಪ್ಪಿದೆ. ಆದರೆ ಆ ಇಸವಿ ಹೇಳುವುದು ಪಂದ್ಯ ನಡೆದದ್ದು ಯಾವಾಗ ಎಂಬುದನ್ನು, ಕಪ್ಪು ಹುಟ್ಟಿದ್ದು ಯಾವಾಗ ಎಂಬುದನ್ನಲ್ಲ. ಅದೂ ಸಾಚಾ ಆಗಿದ್ದರೆ. ಹಳೆಯ ಬರಹ ಉಜ್ಜಿ ಅಳಿಸಿದ ಕಡೆ ಬೆರಳಿಟ್ಟು ಒತ್ತಿದರೆ ತಗಡು ತೆಳುವಾಗಿರುವುದು ತಿಳಿಯುತ್ತದೆ. ಬಾಯಿಯ ಹಬೆ ಊದಿದರೆ ಒಮ್ಮೊಮ್ಮೆ ಅಳಿಸಿಹೋದ ಅಕ್ಷರದ ಗೆರೆ ಕ್ಷಣಕಾಲ ಮೂಡಿ ಮಾಯವಾಗುತ್ತದೆ. ಹೊಸದಾಗಿ ಕೊರೆದದ್ದಾದರೆ ಅಕ್ಷರದ ಅಂಚು ಚರ್ಮಕ್ಕೆ ಗರಗರ ತಾಗುತ್ತದೆ, ಹಳೆಯ ಗೀರುಗಳನ್ನು ಅದು ಕತ್ತರಿಸಿಕೊಂಡು ಹೋಗಿರುತ್ತದೆ. ಬರಹಕ್ಕೆ ಬೆಲೆ ಬಂದ ಕೂಡಲೇ ಬರಹ ಹುಟ್ಟಿಸುವವರೂ ಹುಟ್ಟುತ್ತಾರೆ. ಉಬ್ಬುಕೆಲಸವನ್ನು ಹಾಗೆ ಸಂಜೆಯೊಳಗೆ ಹುಟ್ಟಿಸಲು ಬರುವುದಿಲ್ಲ.

ವಿದ್ವಾಂಸರಾದರೂ ನೆರವಿಗೆ ಬಂದಾರೆಂದರೆ, ಅವರೂ ಅಷ್ಟಕ್ಕಷ್ಟೆ. ಈ ಕ್ಷೇತ್ರದ ದೊಡ್ಡ ಹೆಸರು ವಿನ್‌ಯಾರ್ಡ್ ವಿಲ್ಕಿನ್ಸನ್. ಅವರು 1987ರಲ್ಲಿ ತಂದ ತಯಾರಕರ ಪಟ್ಟಿಯ ಶೀರ್ಷಿಕೆಯೇ ಅದು ಐರೋಪ್ಯ ಅಕ್ಕಸಾಲಿಗಳ ದಾಖಲೆ ಎಂದು ಸಾರುತ್ತದೆ. ಪ್ರಾಮಾಣಿಕತೆ ಮೆಚ್ಚಬೇಕು. ಆದರೆ ಅಲ್ಲಿಂದಾಚೆಗೆ ಅಂಗಡಿಯ ಮಾಲೀಕನನ್ನೇ ‘ತಯಾರಕ’ ಎನ್ನುವುದು ಎಲ್ಲರಿಗೂ ಚಾಳಿಯಾಯಿತು. ಆರ್ ಸಾಹೇಬರು ಉಳಿ ಹಿಡಿದು ಸುಬ್ರಹ್ಮಣ್ಯನ ನವಿಲನ್ನು ಬಡಿದರೆ? ವಿದ್ಯಾ ದೆಹೇಜಿಯಾ 2008ರ ಪ್ರದರ್ಶನದಲ್ಲಿ ಪ್ರಾಂತವಾರು ಶೈಲಿಗಳನ್ನು ವಿಂಗಡಿಸಿ ಊರುಗಳಿಗೆ ನ್ಯಾಯ ಕೊಟ್ಟರು, ದೊಡ್ಡ ಉಪಕಾರ. ಆದರೂ ಊರಿನ ಹೆಸರು ಮನುಷ್ಯನ ಹೆಸರಲ್ಲ. ಭುಜ್‌ನ ಊಮರ್ಸಿ ಮಾವ್ಜಿ ‘ಓ.ಎಂ.’ ಎಂದು ತನ್ನ ಮುದ್ರೆ ಒತ್ತಿದ, ಅವನ ಹೆಸರು ಉಳಿಯಿತು, ಬೆಲೆಯೂ ಏರಿತು. ದಕ್ಷಿಣದವರಿಗೆ ಆ ಭಾಗ್ಯ ಬರಲಿಲ್ಲ.

ಇವರಿಗಿಂತ ನನ್ನ ತಾಳ್ಮೆ ಕೆಡಿಸುವವರು ಇನ್ನೊಂದು ಗುಂಪು: ಬಿಳಿಯರ ಮದ್ಯದ ಬಟ್ಟಲಿನ ಮೇಲೆ ಹಿಂದೂ ದೇವರನ್ನು ಕೂರಿಸಿದ್ದು ಅಕ್ಕಸಾಲಿಯ ಗುಟ್ಟಾದ ಬಂಡಾಯ ಎನ್ನುವವರು. ಓದಲು ರೋಮಾಂಚನವಾಗುತ್ತದೆ. ಆ ದೇವರನ್ನು ಕೇಳಿ ಮಾಡಿಸಿದವರೂ ಕೊಂಡು ಮೆರೆಸಿದವರೂ ಬಿಳಿಯರೇ. ಅವರಿಗೆ ಅದು ‘ಇಂಡಿಯಾ’ ಎನ್ನುವುದಕ್ಕೆ ಗುರುತು, ಅಂಗಡಿಗೆ ವ್ಯಾಪಾರ, ಅಕ್ಕಸಾಲಿಗೆ ಕೂಲಿ. ಬಂಡಾಯ ಎಂದು ಹೊಗಳಿದರೂ ಕೆಲಸವನ್ನು ನೋಡುವ ಶ್ರಮ ತಪ್ಪಿದಂತಾಯಿತು. ಒಬ್ಬ ಕೊರೆದ ಬರಹ ಓದುತ್ತಾನೆ, ಇನ್ನೊಬ್ಬ ಕೊರೆಯದ ಬರಹ ಓದುತ್ತಾನೆ. ಸುಬ್ರಹ್ಮಣ್ಯನ ಎಡಗಾಲಿನ ಮಡಿಕೆಯಲ್ಲಿ ತಗಡು ಹರಿಯದಂತೆ ಹೇಗೆ ಬಗ್ಗಿತು ಎಂದು ಇಬ್ಬರೂ ಕೇಳುವುದಿಲ್ಲ.

ಕೇಳಬೇಕೆಂದರೆ ಕಪ್ಪನ್ನು ಬಗ್ಗಿಸಿ ಒಳಗೆ ನೋಡಬೇಕು. ಕೈಯಲ್ಲಿ ಬಡಿದದ್ದಾದರೆ ಹೊರಗಿನ ಉಬ್ಬಿಗೆ ಸರಿಯಾಗಿ ಒಳಗೆ ಹಳ್ಳವಿರುತ್ತದೆ, ಹಳ್ಳದಿಂದ ಹಳ್ಳಕ್ಕೆ ವ್ಯತ್ಯಾಸವಿರುತ್ತದೆ. ಬೇರೆ ಎರಕ ಹೊಯ್ದು ಅಂಟಿಸಿದ ಮೂರ್ತಿಯಾದರೆ ಒಳಮೈ ನುಣುಪು, ಅಂಚಿನಲ್ಲಿ ಬೆಸುಗೆಯ ಗೆರೆ. ಅಚ್ಚಿನಲ್ಲಿ ಒತ್ತಿದ್ದಾದರೆ ಎಲ್ಲ ಮುಖಗಳೂ ಒಂದೇ. ಮೂರಕ್ಕೂ ಯೋಗ್ಯತೆ ಬೇರೆ, ಬೆಲೆಯೂ ಬೇರೆಯಾಗಬೇಕು. ಹರಾಜಿನ ಕ್ಯಾಟಲಾಗಿನಲ್ಲಿ ಗುರಾಣಿಯ ಬರಹಕ್ಕೆ ದೊಡ್ಡ ಫೋಟೊ ಇರುತ್ತದೆ. ಕಪ್ಪಿನ ಒಳಮೈಗೂ ಒಂದು ಫೋಟೊ ಹಾಕಲಿ. ಆಮೇಲೆ ಕಲೆಯ ಮಾತು ಆಡೋಣ.