ಅಂಗೈ ಅಗಲದ ಅಖಾಡ

ರಾತ್ರಿ ಒಂಬತ್ತಾದರೆ ಸಾಕು, ಸ್ಯಾನ್ ಡಿಯಾಗೋದ ಕಾರ್ಮೆಲ್ ವ್ಯಾಲಿಯ ಮನೆಯಲ್ಲಿ ನನ್ನ ಅಕ್ಕನ ಮಗ ಫೋನನ್ನು ಅಡ್ಡ ಹಿಡಿದು ಸೋಫಾದ ಮೂಲೆ ಸೇರುತ್ತಾನೆ. ಹುಬ್ಬಳ್ಳಿಯಲ್ಲಿ ಆಗ ಮರುದಿನದ ಬೆಳಿಗ್ಗೆ ಒಂಬತ್ತೂವರೆ. ಬೇಸಿಗೆ ರಜೆಯಲ್ಲಿರುವ ಅವನ ಚಿಕ್ಕಪ್ಪನ ಮಗ ತಿಂಡಿ ಮುಗಿಸಿ ಅಲ್ಲಿ ಅದೇ ಆಟ ತೆರೆದು ಕಾಯುತ್ತಿರುತ್ತಾನೆ. ಇಬ್ಬರದೂ ಒಂದೇ ತಂಡ. ಸ್ವಲ್ಪ ಹೊತ್ತಿಗೆ ಫೋನಿನೊಳಗಿಂದ ಕೂಗು: "ಏ ಅಣ್ಣಾ, ಹಿಂದ ಬಂದಾನ, ಹೊಳ್ಳು, ಹೊಳ್ಳು!" ಅಣ್ಣ ಹೊಳ್ಳುವಷ್ಟರಲ್ಲಿ ಸತ್ತಿರುತ್ತಾನೆ. ಕೆಲವೇ ಸೆಕೆಂಡಿಗೆ ಇನ್ನೊಂದು ಮೂಲೆಯಲ್ಲಿ ಮತ್ತೆ ಹುಟ್ಟಿ ಓಡತೊಡಗುತ್ತಾನೆ.

ಆಟದ ಹೆಸರು ಕಾಲ್ ಆಫ್ ಡ್ಯೂಟಿ ಮೊಬೈಲ್. ಎರಡು ತಿಂಗಳು ಅಕ್ಕನ ಮನೆಯಲ್ಲಿದ್ದ ನಾನು ಮೊದಲು ನೋಡಿದೆ, ಆಮೇಲೆ ಆಡಿದೆ. ಕೊಂದದ್ದಕ್ಕಿಂತ ಸತ್ತದ್ದೇ ಹೆಚ್ಚು. ಆಡುವವರ ಮಾತನ್ನೂ ಕಿವಿಗೊಟ್ಟು ಕೇಳಿದೆ. ಅವರಲ್ಲಿ ಎರಡು ಪಂಗಡ. ಕನ್ಸೋಲ್ ಕಂಟ್ರೋಲರ್ ಹಿಡಿದು ಬೆಳೆದವರಿಗೆ ಇದು ಅಸಲಿಯ ನಕಲು, ಬಸ್ಸಿಗೆ ಕಾಯುವಾಗ ಒತ್ತಿ ಮರೆಯುವ ಆಟ. ಫೋನಿನಲ್ಲೇ ಆಟ ಕಲಿತವರಿಗೆ ಇದೇ ಅಸಲಿ; ಕನ್ಸೋಲ್ ಎಂಬುದು ದುಡ್ಡಿದ್ದವರ ಮನೆಯ ಟಿವಿ ಕೆಳಗಿನ ಪೆಟ್ಟಿಗೆ. ಈ ಜಗಳದಲ್ಲಿ ನನ್ನ ವೋಟು ಎರಡನೆಯವರಿಗೆ, ಆದರೆ ಒಂದು ದೊಡ್ಡ ತಕರಾರಿನೊಂದಿಗೆ.

ಮೊದಲು ವಂಶಾವಳಿ. 2003ರಲ್ಲಿ ಇನ್ಫಿನಿಟಿ ವಾರ್ಡ್ ಎಂಬ ಲಾಸ್ ಏಂಜಲೀಸ್ ಪ್ರದೇಶದ ಸ್ಟುಡಿಯೋ ಎರಡನೇ ಮಹಾಯುದ್ಧದ ಕಥೆಯಿಟ್ಟುಕೊಂಡು ಕಂಪ್ಯೂಟರಿಗೆ ಮಾಡಿದ ಆಟ ಕಾಲ್ ಆಫ್ ಡ್ಯೂಟಿ. ಸರಣಿ ಬೆಳೆದದ್ದು ಕನ್ಸೋಲ್‌ಗಳ ಮೇಲೆ. 2007ರ ಮಾಡರ್ನ್ ವಾರ್‌ಫೇರ್ ಅದನ್ನು ಇಂದಿನ ಯುದ್ಧಗಳಿಗೆ ತಂದಿತು. 2010ರಲ್ಲಿ ಟ್ರೆಯಾರ್ಕ್ ಸ್ಟುಡಿಯೋದ ಬ್ಲ್ಯಾಕ್ ಆಪ್ಸ್ ಬಂತು. ಪ್ರಕಾಶಕರಾದ ಆಕ್ಟಿವಿಷನ್‌ನವರ ನೆಲೆ ಸಾಂಟಾ ಮೋನಿಕಾ. ಕಾರ್ಮೆಲ್ ವ್ಯಾಲಿಯಿಂದ ಕಡಲ ಬದಿಯ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಇನ್ನೂರು ಕಿಲೋಮೀಟರಿನೊಳಗೇ ಸಿಗುವ ಊರು. ಆದರೆ 2019ರ ಅಕ್ಟೋಬರ್ 1ರಂದು ಬಿಡುಗಡೆಯಾದ ಮೊಬೈಲ್ ಆಟ ಅಲ್ಲಿ ತಯಾರಾದದ್ದಲ್ಲ. ಅದನ್ನು ಕಟ್ಟಿದವರು ಚೀನಾದ ಟೆನ್ಸೆಂಟ್ ಕಂಪನಿಯ ಟೀಮಿ ಸ್ಟುಡಿಯೋದವರು. ಇನ್ನು ಆಂಡ್ರಾಯ್ಡ್ ಫೋನುಗಳಲ್ಲಿ ಹೆಚ್ಚಾಗಿ ಕಾಣುವ ಸ್ನ್ಯಾಪ್‌ಡ್ರ್ಯಾಗನ್ ಚಿಪ್ ಕ್ವಾಲ್ಕಾಮ್‌ನವರದು. ಅವರ ಮುಖ್ಯ ಕಚೇರಿ ಕಾರ್ಮೆಲ್ ವ್ಯಾಲಿಯ ಮಗ್ಗುಲಿನ ಸೊರೆಂಟೋ ಭಾಗದಲ್ಲಿದೆ. ಹೆಸರು ಸಾಂಟಾ ಮೋನಿಕಾದ್ದು, ಕೈಕೆಲಸ ಚೀನಾದ್ದು, ಚಿಪ್ಪು ಪಕ್ಕದೂರಿನದು, ಕೂಗು ಹುಬ್ಬಳ್ಳಿಯದು.

ಕನ್ಸೋಲ್ ಪಂಗಡದ ಮೊದಲ ದೂರು: "ಇದರಲ್ಲಿ ಕಥೆಯೇ ಇಲ್ಲ." ನಿಜ. ಮೂಲ ಆಟಗಳಲ್ಲಿ ಯೋಧನೊಬ್ಬನ ಪ್ರಯಾಣ, ದ್ರೋಹ, ಸಾವು ಎಲ್ಲ ಇದ್ದವು. ಇಲ್ಲಿ ಬೇರೆ ಬೇರೆ ಕಥೆಗಳ ನಾಯಕರನ್ನು ಎಳೆದು ತಂದು ಒಂದೇ ಅಂಗಳದಲ್ಲಿ ನಿಲ್ಲಿಸಿದ್ದಾರೆ. ಮಾಡರ್ನ್ ವಾರ್‌ಫೇರ್‌ನ ಕ್ಯಾಪ್ಟನ್ ಪ್ರೈಸ್ ಬ್ಲ್ಯಾಕ್ ಆಪ್ಸ್‌ನ ಅಂಗಳದಲ್ಲಿ ಓಡಾಡುತ್ತಾನೆ. ಯಕ್ಷಗಾನ ನೋಡಿದವರಿಗೆ ಇದು ಹೊಸದಲ್ಲ. ಬೇರೆ ಬೇರೆ ಮೇಳಗಳ ಹೆಸರಾಂತ ಕಲಾವಿದರನ್ನು ಒಂದು ರಂಗಕ್ಕೆ ತರುವ ಕೂಡಾಟದಲ್ಲಿ ಜನ ಕಥೆಗಾಗಿ ಸೇರುವುದಿಲ್ಲ, ಕಥೆ ಮೊದಲೇ ಗೊತ್ತು. ಯಾರ ಎದುರು ಯಾರು ಎಂಬುದನ್ನು ನೋಡಲು ಸೇರುತ್ತಾರೆ. ಮೊಬೈಲ್ ಆಟದ ಲೆಕ್ಕವೂ ಅಷ್ಟೇ.

ಅಂಗಳಗಳ ಆಯ್ಕೆಯಲ್ಲಿ ಆ ಲೆಕ್ಕ ಚೆನ್ನಾಗಿ ಕೂತಿದೆ. ನ್ಯೂಕ್‌ಟೌನ್ ಅನ್ನೇ ನೋಡಿ. ಅಮೆರಿಕದವರು ಅಣುಬಾಂಬ್ ಪರೀಕ್ಷೆಗೆಂದು ನೆವಾಡಾ ಮರುಭೂಮಿಯಲ್ಲಿ ಕಟ್ಟಿದ, ಗೊಂಬೆಗಳನ್ನು ಕೂರಿಸಿದ ಹುಸಿ ಊರುಗಳ ಛಾಯೆ ಅದು. ಎದುರುಬದುರು ಎರಡು ಮನೆ, ನಡುವೆ ಬಸ್ಸು, ಹಿತ್ತಿಲು, ಅಷ್ಟೇ. ಹತ್ತು ಹೆಜ್ಜೆಗೊಬ್ಬ ಎದುರಾಳಿ. ದೊಡ್ಡ ಟಿವಿಯ ಮೇಲೆ ಇಕ್ಕಟ್ಟೆನಿಸುವ ಈ ಅಂಗಳ ಫೋನಿಗೆ ಅಳತೆ ಕೊಟ್ಟು ಹೊಲಿಸಿದಂತಿದೆ. ದೂರದ ಕಿಟಕಿಯಲ್ಲಿ ಚುಕ್ಕೆಯಂತೆ ಕಾಣುವ ಶತ್ರುವನ್ನು ಆರು ಇಂಚಿನ ಪರದೆಯಲ್ಲಿ ಹುಡುಕುವ ಕಷ್ಟ ಇಲ್ಲಿಲ್ಲ. ಕನ್ಸೋಲ್‌ನಲ್ಲಿ ಬಹುಕಾಲ ಆರು ಜನರಿಗೆ ಆರು ಜನರಿದ್ದ ತಂಡ ಇಲ್ಲಿ ಐದಕ್ಕೆ ಐದು. ಹತ್ತು ನಿಮಿಷದೊಳಗೆ ಆಟ ಮುಗಿಯುತ್ತದೆ. ಇಡೀ ರಾತ್ರಿಯ ಪ್ರಸಂಗವನ್ನು ಮೂರು ಗಂಟೆಗೆ ಇಳಿಸುವ ಕಾಲಮಿತಿ ಯಕ್ಷಗಾನಕ್ಕೂ ಮೊದಲು ಮೂಗು ಮುರಿದವರಿದ್ದರು. ಆದರೆ ಯಾವ ಪದ್ಯ ಬಿಡಬೇಕು, ಯಾವುದನ್ನು ಬಿಡಲೇಬಾರದು ಎಂದು ಬಲ್ಲ ಭಾಗವತರ ಕೈಯಲ್ಲಿ ಕಾಲಮಿತಿಯೂ ಆಟವೇ. ಟೀಮಿಯವರಿಗೆ ಆ ಭಾಗವತಿಕೆ ಗೊತ್ತು.

ಎರಡನೇ ದೂರು ಇನ್ನೂ ಖಾರವಾದದ್ದು: "ಗುಂಡು ತಾನೇ ಹಾರುತ್ತದೆ, ಇದೇನು ಆಟ?" ಸರಳ ವಿಧಾನದಲ್ಲಿ ಗುರಿಗೆರೆ ಶತ್ರುವಿನ ಮೇಲೆ ಬಿದ್ದೊಡನೆ ಬಂದೂಕು ತಾನಾಗಿ ಸಿಡಿಯುತ್ತದೆ. ಕೇಳಲು ಅನ್ಯಾಯವೆನಿಸುತ್ತದೆ. ಆದರೆ ಫೋನಿನಲ್ಲಿ ಆಡುವವನ ಎಡ ಹೆಬ್ಬೆರಳು ನಡಿಗೆಗೆ, ಬಲ ಹೆಬ್ಬೆರಳು ನೋಟಕ್ಕೆ ಮೀಸಲು; ಗುಂಡು ಹಾರಿಸಲು ಮೂರನೇ ಹೆಬ್ಬೆರಳು ದೇವರು ಕೊಟ್ಟಿಲ್ಲ. ಹೊಸಬನಿಗೆ ಆ ಮೂರನೇ ಬೆರಳನ್ನು ಆಟವೇ ಸಾಲ ಕೊಡುತ್ತದೆ. ಪಳಗಿದವರು ಸುಧಾರಿತ ವಿಧಾನಕ್ಕೆ ಹೋಗಿ, ತೋರುಬೆರಳುಗಳನ್ನೂ ಪರದೆಯ ಮೇಲೆ ಏಡಿಯ ಕೊಂಡಿಯಂತೆ ಬಾಗಿಸಿ ನಾಲ್ಕು ಬೆರಳಲ್ಲಿ ಆಡುತ್ತಾರೆ. ಅಕ್ಕನ ಮಗ ಹಾಗೆ ಆಡುವಾಗ ಅವನ ಕೈ ನೋಡುವುದೇ ಒಂದು ಚೆಂದ. ಅಂಥವನೆದುರು ಸ್ವಯಂಚಾಲಿತ ಬಂದೂಕಿನವನು ಅರ್ಧ ನಿಮಿಷ ಉಳಿಯುವುದಿಲ್ಲ, ನಾನು ಉಳಿಯಲಿಲ್ಲ. ಫೋನಿಗೆ ಕಂಟ್ರೋಲರ್ ಜೋಡಿಸಿಕೊಂಡವರನ್ನು ಅಂಥವರ ಜೊತೆಗೇ, ಕಂಪ್ಯೂಟರಿನಲ್ಲಿ ಆಡುವವರನ್ನು ಅವರ ಜೊತೆಗೇ ಸೇರಿಸುವ ಏರ್ಪಾಡೂ ಇದೆ. ಈ ದೂರನ್ನು ವಜಾ ಮಾಡಬಹುದು.

ವಜಾ ಮಾಡಲಾಗದ್ದು ಬಾಟ್‌ಗಳದ್ದು. ಮೊದಮೊದಲ ಆಟಗಳಲ್ಲಿ ಎದುರಾಳಿಗಳಾಗಿ ಬರುವವರಲ್ಲಿ ಬಹುಪಾಲು ಮನುಷ್ಯರಲ್ಲ, ಮನುಷ್ಯರ ಹೆಸರು ಹೊತ್ತ ಯಂತ್ರಗಳು. ಗೋಡೆಗೆ ಮುಖ ಮಾಡಿ ನಿಂತಿರುತ್ತವೆ, ಹೊಡೆದರೆ ಬೀಳುತ್ತವೆ. ಹೊಸಬ ತಾನೇ ಅರ್ಜುನ ಎಂದುಕೊಳ್ಳುತ್ತಾನೆ. ಕಲಿಯುವವನಿಗೆ ಸುಲಭದ ಪಾಠ ಬೇಕು, ಒಪ್ಪೋಣ. ಆದರೆ ಎದುರಿಗಿರುವುದು ಗೊಂಬೆ ಎಂದು ಹೇಳದೆ ಶಹಬ್ಬಾಸ್ ಅನ್ನುವುದು ಪಾಠವಲ್ಲ, ಪುಸಲಾವಣೆ.

ಇಲ್ಲಿ ಇನ್ನೊಂದು ಆಟವನ್ನು ಪಕ್ಕಕ್ಕಿಟ್ಟು ನೋಡಿದರೆ ಮಾತು ಸ್ಪಷ್ಟವಾಗುತ್ತದೆ. 2024ರ ಮಾರ್ಚ್ 21ರಂದು ಆಕ್ಟಿವಿಷನ್ ವಾರ್‌ಝೋನ್ ಮೊಬೈಲ್ ಬಿಡುಗಡೆ ಮಾಡಿತು. ಇದನ್ನು ಟೀಮಿಯವರಿಗೆ ಕೊಡಲಿಲ್ಲ. ಸಾಂಟಾ ಮೋನಿಕಾದ ಸಾಲಿಡ್ ಸ್ಟೇಟ್ ಸೇರಿದಂತೆ ತನ್ನದೇ ನಾಲ್ಕು ಸ್ಟುಡಿಯೋಗಳಲ್ಲಿ ಮಾಡಿಸಿತು. ಕನ್ಸೋಲ್ ಪಂಗಡ ಕೇಳಿದ್ದೆಲ್ಲ ಇದರಲ್ಲಿತ್ತು: ಕನ್ಸೋಲ್‌ನಲ್ಲಿದ್ದ ಅದೇ ವೆರ್ಡಾನ್ಸ್ಕ್ ನಗರ, ನೂರಿಪ್ಪತ್ತು ಜನರ ತನಕ ಒಂದೇ ಕದನ, ಕನ್ಸೋಲ್‌ನಲ್ಲಿ ಗಳಿಸಿದ್ದು ಫೋನಿಗೂ ಬರುವ ಒಂದೇ ಖಾತೆ. ಆದರೆ ಆಡಿದವರ ಬಾಯಲ್ಲಿ ಬಂದ ಮಾತುಗಳು ಮೂರೇ: ಫೋನ್ ಕಾಯುತ್ತದೆ, ಬ್ಯಾಟರಿ ಇಳಿಯುತ್ತದೆ, ಚಿತ್ರ ಮಸುಕು. ದುಬಾರಿ ಫೋನುಗಳೇ ಏದುಸಿರು ಬಿಟ್ಟವು. ಕನ್ಸೋಲ್‌ನ ಹೊಟ್ಟೆಯಲ್ಲಿ ಫ್ಯಾನ್ ಇರುತ್ತದೆ; ಫೋನಿಗೆ ಇರುವುದು ಹಿಡಿದವನ ಅಂಗೈ. ಹರಿವಾಣದಷ್ಟು ಊಟವನ್ನು ತಟ್ಟೆಗೆ ಸುರಿದಂತಾಯಿತು. 2025ರ ಮೇ ತಿಂಗಳಲ್ಲಿ, ಫೋನಿನಲ್ಲಿ ಆಡುವವರ ನಡುವೆ ನಿರೀಕ್ಷೆ ಮುಟ್ಟಲಿಲ್ಲವೆಂದು ಒಪ್ಪಿಕೊಂಡು ಕಂಪನಿ ಆಟವನ್ನು ಅಂಗಡಿಗಳಿಂದ ಹಿಂತೆಗೆಯಿತು. ಇದ್ದ ಆಟಗಾರರನ್ನು ಕರೆದದ್ದು ಎಲ್ಲಿಗೆ? ಯಾವುದನ್ನು ನಕಲು ಅನ್ನುತ್ತಿದ್ದರೋ ಆ ಹಳೆಯ ಕಾಲ್ ಆಫ್ ಡ್ಯೂಟಿ ಮೊಬೈಲ್‌ಗೆ!

ಮೂಲಕ್ಕೆ ನಿಷ್ಠೆ ಅಂದರೆ ಮೂಲದ ತೂಕವನ್ನೆಲ್ಲ ಹೊರುವುದಲ್ಲ. ಹಳೆಯ ಆಟ ಮೂಲದ ಲಯವನ್ನು ಹಿಡಿಯಿತು, ಹೊಸದು ಮೂಲದ ಗಾತ್ರವನ್ನು. ಹುಬ್ಬಳ್ಳಿಯ ಹುಡುಗನ ಹಳೇ ಫೋನಿನಲ್ಲೂ ಹಳೆಯ ಆಟ ಓಡುತ್ತದೆ. ಲ್ಯಾಗ್ ಹೊಡೆಯುತ್ತದೆ ಅನ್ನುತ್ತಾನೆ. ಆದರೆ ಆ ತಪ್ಪು ಆಟದ್ದಲ್ಲ, ಭೂಗೋಳದ್ದು. ಎರಡು ಊರುಗಳ ನಡುವೆ ಹತ್ತಿರ ಹತ್ತಿರ 15 ಸಾವಿರ ಕಿಲೋಮೀಟರ್. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ನೇರ ತಂತಿ ಎಳೆದರೂ ಹೋಗಿ ಬರಲು 150 ಮಿಲಿಸೆಕೆಂಡು. "ಹೊಳ್ಳು" ಅನ್ನುವಷ್ಟರಲ್ಲಿ ಅಣ್ಣ ಸಾಯುವುದು ಅದಕ್ಕೇ.

ಈಗ ನನ್ನ ದೊಡ್ಡ ತಕರಾರು. ಅದು ಎರಡೂ ಪಂಗಡಗಳು ಒಂದಾಗಿ ಬಯ್ಯುವ ಸಂಗತಿ: ಲಕ್ಕಿ ಡ್ರಾ. ಆಟ ಪುಕ್ಕಟೆ. ಬಂದೂಕಿನ ಮಿನುಗು ಉಡುಪು, ಯೋಧನ ವೇಷ, ಇವುಗಳಿಗೆ ದುಡ್ಡು. ಡ್ರಾನಲ್ಲಿ ಹತ್ತು ವಸ್ತುಗಳಿರುತ್ತವೆ. ಮೊದಲ ಎಳೆತ ಅಗ್ಗ. ಒಂದೊಂದು ಎಳೆತಕ್ಕೂ ಬೆಲೆ ಏರುತ್ತ ಹೋಗುತ್ತದೆ. ಒಮ್ಮೆ ಬಂದದ್ದು ಮತ್ತೆ ಬರುವುದಿಲ್ಲ, ಹಾಗಾಗಿ ಹತ್ತನ್ನೂ ಎಳೆದರೆ ಬೇಕಾದ ಬಂದೂಕು ಖಂಡಿತ. "ನೋಡಿ, ಇದು ಜೂಜಲ್ಲ, ಮೋಸವಿಲ್ಲ" ಎಂಬ ವಾದ ಹುಟ್ಟುವುದು ಇಲ್ಲೇ. ನನಗೆ ಇದು ಜೂಜಿಗಿಂತ ಜಾಣ ಅನ್ನಿಸುತ್ತದೆ. ಕರ್ನಾಟಕ 2007ರಲ್ಲಿ ನಿಷೇಧಿಸಿದ ಲಾಟರಿಯಲ್ಲಿ ಟಿಕೆಟ್ಟಿಗೆ ಒಂದೇ ಬೆಲೆ, ಹೋದರೆ ಹೋಯಿತು. ಇಲ್ಲಿ ಬೆಲೆಯೇ ಮೆಟ್ಟಿಲು. ನಾಲ್ಕು ಮೆಟ್ಟಿಲು ಹತ್ತಿದವನಿಗೆ ಇಳಿದರೆ ಹತ್ತಿದ್ದು ದಂಡ ಅನ್ನಿಸುತ್ತದೆ, ಐದನೆಯದು ಹತ್ತುತ್ತಾನೆ. ಬಂದೂಕಿನ ನಿಜವಾದ ಬೆಲೆ ಹತ್ತು ಎಳೆತಗಳ ಮೊತ್ತ. ಆ ಮೊತ್ತವನ್ನು ಒಂದೇ ಚೀಟಿಯಲ್ಲಿ ಬರೆದು ತೂಗುಹಾಕಿದ್ದರೆ ಎಷ್ಟು ಹುಡುಗರು ಅಂಗಡಿ ಹತ್ತುತ್ತಿದ್ದರು? ಜೊತೆಗೆ, ದುಬಾರಿ ಬಂದೂಕುಗಳ ಗುರಿಗಣ್ಣು ಹೆಚ್ಚು ನಿಚ್ಚಳ ಎಂಬ ದೂರೂ ಇದೆ. ಅಲ್ಲಿಗೆ ಬರೀ ಅಲಂಕಾರ ಎಂಬ ಸಮಜಾಯಿಷಿಯೂ ಸಡಿಲವಾಗುತ್ತದೆ.

ಇಷ್ಟು ಕೊಟ್ಟು ಕೊಂಡದ್ದಾದರೂ ಯಾರದು? ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನು ಜಾರಿಯಲ್ಲಿದೆ: ಹಿಂತೆಗೆದುಕೊಳ್ಳಬಹುದಾದ ಪರವಾನಗಿಯನ್ನಷ್ಟೇ ಕೊಡುವ ಡಿಜಿಟಲ್ ಅಂಗಡಿಯವರು ಅದನ್ನು ತಿಳಿಸದೆ 'ಕೊಳ್ಳಿ' ಅನ್ನುವಂತಿಲ್ಲ. ಲಾಸ್ ಏಂಜಲೀಸ್‌ನ ಇನ್ನೊಂದು ಸ್ಟುಡಿಯೋ ರೆಸ್ಪಾನ್‌ನ ಏಪೆಕ್ಸ್ ಲೆಜೆಂಡ್ಸ್ ಮೊಬೈಲ್‌ನ ಗತಿ ನೆನಪಿರಲಿ. 2022ರ ಮೇ 17ಕ್ಕೆ ತೆರೆದ ಆ ಆಟ ಅದೇ ವರ್ಷ ಆಪಲ್‌ನಿಂದ ಐಫೋನಿನ ವರ್ಷದ ಆಟ ಎಂಬ ಪ್ರಶಸ್ತಿ ಪಡೆಯಿತು. 2023ರ ಮೇ 1ಕ್ಕೆ ಬಾಗಿಲು ಹಾಕಿತು. ಜಾತ್ರೆಯಲ್ಲಿ ಕೊಂಡ ಪೀಪಿ ಜಾತ್ರೆ ಮುಗಿದ ಮೇಲೂ ಮನೆಯಲ್ಲಿರುತ್ತದೆ. ಇಲ್ಲಿ ಜಾತ್ರೆ ಎದ್ದರೆ ಪೀಪಿಯೂ ಎದ್ದು ಹೋಗುತ್ತದೆ.

ಕೊಲ್ಲುವ ಆಟವನ್ನು ಹೊಗಳಬಹುದೇ ಎಂದು ಕೇಳುವವರಿದ್ದಾರೆ. ಅಕ್ಕನೂ ಕೇಳಿದಳು. ಕ್ಯಾಲಿಫೋರ್ನಿಯಾ ಈ ಪ್ರಶ್ನೆಯನ್ನು ಕೋರ್ಟಿನ ತನಕ ಒಯ್ದಿತ್ತು. ಹಿಂಸೆಯ ವಿಡಿಯೋ ಆಟಗಳನ್ನು ಅಪ್ರಾಪ್ತರಿಗೆ ಮಾರಬಾರದೆಂಬ ಕಾನೂನಿಗೆ 2005ರಲ್ಲಿ ಸಹಿ ಹಾಕಿದ ಗವರ್ನರ್ ಅರ್ನಾಲ್ಡ್ ಶ್ವಾರ್ಜನೆಗರ್. ಪರದೆಯ ಮೇಲೆ ಅವರಷ್ಟು ಗುಂಡು ಹಾರಿಸಿದವರು ಕಡಿಮೆ! 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಏಳಕ್ಕೆ ಎರಡು ಮತಗಳಿಂದ ಆ ಕಾನೂನನ್ನು ರದ್ದು ಮಾಡಿ, ಪುಸ್ತಕ ನಾಟಕಗಳಿಗಿರುವ ಮಾತಿನ ಸ್ವಾತಂತ್ರ್ಯ ಆಟಗಳಿಗೂ ಇದೆ ಎಂದಿತು. ತೀರ್ಪು ಸರಿಯಿರಬಹುದು, ಆದರೆ ಸ್ಯಾನ್ ಡಿಯಾಗೋದಲ್ಲಿ ಕೂತು ಆಡುವಾಗ ಇನ್ನೊಂದು ವಿಷಯ ಕಾಡುತ್ತದೆ. ಇದು ಸೈನಿಕರ ಊರು. ಮಿರಾಮಾರ್ ನೆಲೆಯಿಂದ ಎದ್ದ ಯುದ್ಧವಿಮಾನದ ಸದ್ದು ಆಟದ ಸದ್ದಿನ ಮೇಲೆ ಹಾದು ಹೋಗುತ್ತದೆ. ಆ ವಿಮಾನದೊಳಗಿರುವವನು ಸತ್ತರೆ ಮೂಲೆಯಲ್ಲಿ ಮತ್ತೆ ಹುಟ್ಟುವುದಿಲ್ಲ. ಮೂಲ ಸರಣಿಯ ಕಥೆಗಳು ಒಮ್ಮೊಮ್ಮೆಯಾದರೂ ಆ ಸಾವಿನ ಭಾರವನ್ನು ತೋರಿಸುತ್ತಿದ್ದವು. ಕಥೆ ತೆಗೆದಾಗ ಮೊಬೈಲ್ ಆಟ ಕಳೆದುಕೊಂಡದ್ದು ಇದನ್ನೇ. ಕಬಡ್ಡಿಯಲ್ಲಿ ಔಟಾದಷ್ಟೇ ಹಗುರ ಇಲ್ಲಿಯ ಸಾವು. ಹಾಗೆಯೇ ನೋಡುವುದಾದರೆ ಆಡಬಹುದು. ಯುದ್ಧ ಹೀಗಿರುತ್ತದೆ ಎಂದುಕೊಂಡು ಆಡಬಾರದು.

ಹಾಗಾದರೆ ತೀರ್ಮಾನ: ಆಟ ಒಳ್ಳೆಯದು, ಅಂಗಡಿ ಕೆಟ್ಟದ್ದು. ಆಡಿ, ಡ್ರಾ ಎಳೆಯಬೇಡಿ.

ಆಟದ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿಲ್ಲ. ಆದರೂ ಆ ಮನೆಯಲ್ಲಿ ರಾತ್ರಿ ಒಂಬತ್ತರ ಮೇಲೆ ಅದು ಕನ್ನಡದ ಆಟ. ನಮ್ಮ ಅಕ್ಕನದು ಮೈಸೂರು ಕನ್ನಡ. ಮಗ ಅವಳಿಂದ ಕಲಿತದ್ದು "ತಿರುಗು". ಊರಿಗೆ ಹೊರಡುವ ಹಿಂದಿನ ದಿನ ನಾನು ಕಾರು ಓಡಿಸುತ್ತಿದ್ದೆ, ಅವನು ಪಕ್ಕದಲ್ಲಿ ದಾರಿ ಹೇಳುತ್ತಿದ್ದ. ಡೆಲ್ ಮಾರ್ ಹೈಟ್ಸ್ ರಸ್ತೆಯಲ್ಲಿ ನಾನು ತಿರುವು ತಪ್ಪಿಸುವುದರಲ್ಲಿದ್ದೆ. "ಮಾಮಾ, ಇಲ್ಲೇ, ಹೊಳ್ಳು, ಹೊಳ್ಳು!" ಅಂದ. ಹೊಳ್ಳಿದೆ.