‘ನಪಾಸು’ ಅಂತ ಬರೆಯುವ ಕೈ

‘ಅನುತ್ತೀರ್ಣ’ ಅನ್ನೋ ಮಾತನ್ನು ಬಿಡಿಸಿ ನೋಡಬೇಕು. ಉತ್ತೀರ್ಣ ಅಂದ್ರೆ ದಾಟಿದವನು. ಅನುತ್ತೀರ್ಣ ಅಂದ್ರೆ ದಾಟದೆ ಈಚೆ ದಡದಲ್ಲೇ ಉಳಿದವನು. ದೋಣಿ ಯಾರ ಕೈಲಿತ್ತು, ಹುಟ್ಟು ಯಾರು ಹಾಕಬೇಕಿತ್ತು ಅನ್ನೋದು ಆ ಪದದೊಳಗೆ ಎಲ್ಲೂ ಇಲ್ಲ. ಹಳ್ಳಿ ಬಾಯಲ್ಲಿ ಅದು ‘ನಪಾಸು’ ಆಯ್ತು, ಆಮೇಲೆ ‘ದಡ್ಡ’ ಆಯ್ತು, ಕೊನೆಗೆ ‘ಆ ಕೇರಿಯವಕ್ಕೆ ವಿದ್ಯೆ ಹತ್ತಲ್ಲ’ ಅಂತ ಜಾತಿಯ ಲಕ್ಷಣವೇ ಆಗಿಹೋಯ್ತು. ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದ ಒಂದು ಪದ ಊರಿನ ಮನುಧರ್ಮಕ್ಕೆ ಸರ್ಕಾರಿ ಸೀಲು ಒತ್ತಿಕೊಟ್ಟಂಗೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮು ಎಂಟನೇ ಕ್ಲಾಸಿನವರೆಗೆ ಈ ಪದವನ್ನು ಅಳಿಸಿತ್ತು. 2019ರ ತಿದ್ದುಪಡಿ ಅದನ್ನ ಹಿಂಬಾಗಿಲಿಂದ ಮತ್ತೆ ಕರೆಸಿಕೊಂಡಿತು: ಐದು ಮತ್ತು ಎಂಟಕ್ಕೆ ಪರೀಕ್ಷೆ, ಫೇಲಾದವರಿಗೆ ಎರಡು ತಿಂಗಳೊಳಗೆ ಮರುಪರೀಕ್ಷೆ, ಅಲ್ಲೂ ಫೇಲಾದರೆ ಅದೇ ಕ್ಲಾಸಲ್ಲಿ ಕೂರಿಸಬಹುದು. ಕೂರಿಸೋದು ಬಿಡೋದು ಆಯಾ ಸರ್ಕಾರದ ಇಷ್ಟ. 2024ರ ಡಿಸೆಂಬರಲ್ಲಿ ಕೇಂದ್ರ ತನ್ನ ಶಾಲೆಗಳಿಗೆ ಇದನ್ನ ನಿಯಮ ಮಾಡಿತು. ತಮಿಳುನಾಡು ಒಲ್ಲೆ ಅಂತು. ನಮ್ಮಲ್ಲಿ 2024ರಲ್ಲಿ 5, 8, 9ನೇ ಕ್ಲಾಸಿನ ಬೋರ್ಡು ಪರೀಕ್ಷೆ ಹೈಕೋರ್ಟು ಹತ್ತಿ, ಕೊನೆಗೆ ಸುಪ್ರೀಂ ಕೋರ್ಟು ಫಲಿತಾಂಶಕ್ಕೇ ತಡೆ ಕೊಟ್ಟಿತು.

ತಿದ್ದುಪಡಿಯ ಪರ ಮಾತಾಡೋರ ವಾದ ಪೂರ್ತಿ ಸುಳ್ಳೇನಲ್ಲ. ಐದನೇ ಕ್ಲಾಸಿನ ಹುಡುಗಿ ಎರಡನೇ ಕ್ಲಾಸಿನ ಪಾಠ ಓದಲಾರದೆ ತೊದಲುತ್ತಾಳೆ. ಹಳ್ಳಿ ಮೇಷ್ಟ್ರುಗಳಿಗೆ ಇದು ಚೆನ್ನಾಗಿ ಗೊತ್ತು. ಆದರೆ ಅದೇ ಕಾಯ್ದೆಯ 24ನೇ ಕಲಮು ಪ್ರತಿ ಮಗುವಿನ ಕಲಿಕೆ ಅಳೆದು, ಬೇಕಾದ ಹೆಚ್ಚಿನ ಪಾಠ ಮಾಡೋದು ಶಿಕ್ಷಕರ ಕರ್ತವ್ಯ ಅಂತ ಹೇಳಿತ್ತು. ಹದಿನಾರನ್ನ ಓದಿದವರು ಇಪ್ಪತ್ನಾಲ್ಕನ್ನ ಓದಲಿಲ್ಲ. ಫೇಲು ಮಾಡೋ ಹಾಗಿಲ್ಲ ಅನ್ನೋದನ್ನ ಪಾಠವೂ ಮಾಡಬೇಕಿಲ್ಲ ಅಂತ ಮಾಡಿಕೊಂಡರು. ಮೇಷ್ಟ್ರನ್ನೊಬ್ಬರನ್ನೇ ಬೈದು ಏನು ಬಂತು? ಮೂರು ಕ್ಲಾಸಿಗೆ ಒಬ್ಬರು, ಮೇಲೆ ಗಣತಿ, ಚುನಾವಣೆ, ಮೊಟ್ಟೆ ಲೆಕ್ಕ. ತಪ್ಪು ಇಷ್ಟೆಲ್ಲ ಕಡೆ ಹಂಚಿಹೋಗಿದ್ದರೂ ಶಿಕ್ಷೆ ಮಾತ್ರ ಹತ್ತು ವರ್ಷದ ಮಗುವಿಗೆ.

1927ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಬಾಬಾಸಾಹೇಬರು ಈ ಲೆಕ್ಕ ಎತ್ತಿದ್ದರು: ಶಾಲೆ ಸೇರಿದ 100 ಮಕ್ಕಳಲ್ಲಿ ನಾಲ್ಕನೇ ಕ್ಲಾಸು ಮುಟ್ಟೋರು 18, ಉಳಿದ 82 ಮತ್ತೆ ಅನಕ್ಷರತೆಗೆ. ಅವರು ಕಟಕಟೆಗೆ ನಿಲ್ಲಿಸಿದ್ದು ಹಣ ಬಿಚ್ಚದ ಸರ್ಕಾರವನ್ನ. ಇವತ್ತಿನ ತಿದ್ದುಪಡಿ ಕಟಕಟೆಗೆ ತಂದಿರೋದು ಆ 82ನ್ನ.

ಹಂಗಾದ್ರೆ ಯಾವ ಮಗುವನ್ನೂ ಕೂರಿಸಲೇಬಾರದಾ? ಕೂರಿಸೋರನ್ನ ನಾವು ಕೇಳಬೇಕಾದ್ದು: ಬರೋ ವರ್ಷ ಏನು ಬೇರೆ ಆಗುತ್ತೆ? ಅದೇ ಪುಸ್ತಕ, ಅದೇ ಬೆಂಚು, ಪಕ್ಕದಲ್ಲಿ ತಂಗಿ. ದೀಪಾವಳಿ ಹೊತ್ತಿಗೆ ಆ ಹುಡುಗಿ ಹತ್ತಿ ಬಿಡಿಸೋಕೆ ಹೋಗಿರ್ತಾಳೆ. ಹಾಜರಿ ಪುಸ್ತಕ ತೆಗೀರಿ. ಅಪ್ಪ ಅವ್ವನ ಜತೆ ಗುಳೆ ಹೋದ ತಿಂಗಳೆಷ್ಟು? ತಾಂಡಾದ ಮಗುವಿಗೆ ಮನೇಲಿ ಲಂಬಾಣಿ, ಶಾಲೇಲಿ ಪುಸ್ತಕದ ಕನ್ನಡ; ನಡುವೆ ಕೈಹಿಡಿದು ದಾಟಿಸಿದೋರು ಯಾರು? ಹಿಂದಿನ ಸಾಲಿನ ಹುಡುಗನಿಗೆ ಬೋರ್ಡು ಕಾಣುತ್ತಾ? ವರ್ಷವೆಲ್ಲ ಕಾಯಿಲೆ ಬಿದ್ದ ಮಗುವಿಗೆ ಇನ್ನೊಂದು ವರ್ಷ ಬೇಕು ಅಂತ ಹೆತ್ತವರೇ ಕೇಳಿದರೆ ಅದು ಬೇರೆ ಮಾತು.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೇಷ್ಟ್ರುಗಳೇ ಸೇರಿ ಕಟ್ಟಿದ ನಲಿ-ಕಲಿಯಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಕಲಿಕೆಯ ಏಣಿ; ಮಗು ತನ್ನ ಮೆಟ್ಟಿಲು ತನ್ನ ವೇಗದಲ್ಲಿ ಹತ್ತುತ್ತೆ, ಹದಿನೈದು ದಿನ ತಪ್ಪಿಸಿಕೊಂಡು ಬಂದರೆ ಬಿಟ್ಟ ಮೆಟ್ಟಿಲಿಂದ ಮುಂದಕ್ಕೆ. ಅದು ರಾಜ್ಯಕ್ಕೆಲ್ಲ ಹಬ್ಬಿದ್ದು ಮೂರನೇ ಕ್ಲಾಸಿನವರೆಗೆ ಮಾತ್ರ. ನಾಲ್ಕಕ್ಕೆ ಬಂದ ಕೂಡಲೇ ಏಣಿ ಮಾಯ, ಎಲ್ಲರಿಗೂ ಒಂದೇ ಪುಸ್ತಕ. ಐದರಲ್ಲಿ ಪರೀಕ್ಷೆ ಬೇಕು ಅಂತ ಕೂಗೋರು ನಾಲ್ಕರಲ್ಲಿ ಏಣಿ ಎಲ್ಲಿ ಹೋಯ್ತು ಅಂತ ಕೇಳಿದ್ದು ನಾನು ಕಂಡಿಲ್ಲ.

ಎಸ್‌ಡಿಎಂಸಿ ಸಭೆಗೆ ಹೋಗೋ ಗೆಳೆಯರು 24ನೇ ಕಲಮಿನ ಪ್ರತಿ ಹಿಡಕೊಂಡು ಹೋಗಲಿ. ಏಪ್ರಿಲ್ ತನಕ ಕಾಯದೆ ನವೆಂಬರಲ್ಲೇ ಕೇಳಲಿ: ಹಿಂದುಳಿದ ಮಕ್ಕಳಿಗೆ ಈ ವರ್ಷ ಎಷ್ಟು ದಿನ ಹೆಚ್ಚಿನ ಪಾಠ ಆಗಿದೆ, ಲೆಕ್ಕ ತೋರಿಸಿ.